ಸೈಕಿ: ಚಿನ್ನದ ಗುಡ್ಡ ಅಂದರು, ತೂಕ ಹಾಕಿದರೆ ಲೆಕ್ಕ ಕೂಡುತ್ತಿಲ್ಲ

ಒಂದು ಸಂದೇಶ ವರ್ಷಕ್ಕೆರಡು ಸಲವಾದರೂ ಫೋನಿಗೆ ಬಂದೇ ಬರುತ್ತದೆ. ಬಾಹ್ಯಾಕಾಶದಲ್ಲಿ ಚಿನ್ನದ ಬಂಡೆಯೊಂದು ಸುತ್ತುತ್ತಿದೆಯಂತೆ, ನಾಸಾ ಅದನ್ನು ತರೋಕೆ ಹೊರಟಿದೆಯಂತೆ, ತಂದು ಹಂಚಿದರೆ ಭೂಮಿಯ ಮೇಲಿರುವ ಒಬ್ಬೊಬ್ಬರಿಗೂ ನೂರು ಕೋಟಿ ಡಾಲರಿಗಿಂತ ಜಾಸ್ತಿ ಸಿಗುತ್ತದಂತೆ. ಜೊತೆಗೊಂದು ಚಿತ್ರ, ಥಳಥಳ ಹೊಳೆಯುವ ಹಳದಿ ಗುಡ್ಡದ್ದು.

ಆ ಬಂಡೆಯ ಹೆಸರು ಸೈಕಿ. ಬಂಡೆ ಇರುವುದು ನಿಜ. ನಾಸಾದ ನೌಕೆಯೊಂದು ಅದರ ಕಡೆಗೆ ಹೊರಟಿರುವುದೂ ನಿಜ. ಚಿತ್ರ ಮಾತ್ರ ಯಾರೋ ಕೂತು ಬರೆದದ್ದು. ಸೈಕಿಯನ್ನು ಹತ್ತಿರದಿಂದ ತೆಗೆದ ಒಂದೇ ಒಂದು ಫೋಟೋ ಈವರೆಗೆ ಇಲ್ಲ. ಭೂಮಿಯ ಅತಿ ದೊಡ್ಡ ದೂರದರ್ಶಕಗಳಲ್ಲೂ ಅದು ಕಾಣುವುದು ಮಸುಕಾದ ಆಲೂಗಡ್ಡೆಯ ಹಾಗೆ, ಅಷ್ಟೇ.

ಚಿನ್ನದ ಕಥೆ ಸುಳ್ಳು ಅಂತ ಹೇಳಿ ಮುಗಿಸೋದು ಸುಲಭ. ಆದರೆ ಆ ಗದ್ದಲದ ಮರೆಯಲ್ಲಿ ಅದಕ್ಕಿಂತ ಸ್ವಾರಸ್ಯದ ಜಗಳವೊಂದು ನಡೆಯುತ್ತಿದೆ. ಸೈಕಿಯನ್ನು ಲೋಹದ ಲೋಕ ಅಂತ ಕರೆದು, ಆ ನಂಬಿಕೆಯ ಮೇಲೆ ನೌಕೆಯನ್ನೂ ಕಟ್ಟಿ, ಕಟ್ಟುತ್ತಿರುವಾಗಲೇ ವಿಜ್ಞಾನಿಗಳಿಗೆ ಒಂದು ಅನುಮಾನ ಬಲವಾಗಿ ಹತ್ತಿಕೊಂಡಿತು: ಇದು ನಾವಂದುಕೊಂಡಷ್ಟು ಲೋಹ ಅಲ್ಲವೇನೋ?

ಮೊದಲು ಬಂಡೆಯ ಪರಿಚಯ. ಮಂಗಳ ಮತ್ತು ಗುರುಗ್ರಹಗಳ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳ ಪಟ್ಟಿ ಇದೆ. ಹೆಚ್ಚಿನವು ಸಣ್ಣ ಕಲ್ಲುಗಳು. ಸಿನಿಮಾದಲ್ಲಿ ತೋರಿಸುವಂತೆ ಒತ್ತೊತ್ತಾಗಿ ಇಲ್ಲ, ಒಂದರಿಂದ ಇನ್ನೊಂದಕ್ಕೆ ಭಾರೀ ದೂರ. ಎಲ್ಲವನ್ನೂ ಒಟ್ಟುಗೂಡಿಸಿ ಉಂಡೆ ಕಟ್ಟಿದರೂ ನಮ್ಮ ಚಂದ್ರನ ನೂರರಲ್ಲಿ ಮೂರ್ನಾಲ್ಕು ಪಾಲಿನಷ್ಟು ತೂಕ ಮಾತ್ರ. ಈ ಸಣ್ಣ ಗಂಟಿನಲ್ಲಿ ಸುಮಾರು ನೂರನೇ ಒಂದು ಪಾಲು ಸೈಕಿಯದ್ದೇ. ಅಗಲ ಇರುವ ಕಡೆ ಸುಮಾರು 280 ಕಿಲೋಮೀಟರ್, ಸರಾಸರಿ ಲೆಕ್ಕ ಹಾಕಿದರೆ 220 ಕಿಲೋಮೀಟರಿನ ಆಚೀಚೆ. 940 ಕಿಲೋಮೀಟರಿನ ಸಿರೀಸ್ ಮುಂದೆ, 525 ಕಿಲೋಮೀಟರಿನ ವೆಸ್ಟಾ ಮುಂದೆ ಇದು ಚಿಕ್ಕದೇ. ಆದರೂ ಪಟ್ಟಿಯ ದೊಡ್ಡವರ ಸಾಲಿನಲ್ಲೇ ಕೂರುತ್ತದೆ.

ಇದನ್ನು 1852ರ ಮಾರ್ಚ್ 17ರಂದು ನೇಪಲ್ಸ್‌ನಲ್ಲಿ ಅನ್ನಿಬಾಲೆ ಡಿ ಗಾಸ್ಪಾರಿಸ್ ಕಂಡುಹಿಡಿದರು. ಪತ್ತೆಯಾದ ಹದಿನಾರನೆಯ ಕ್ಷುದ್ರಗ್ರಹ ಇದಾದ್ದರಿಂದ 16 ಸೈಕಿ ಎಂದು ಬರೆಯುತ್ತಾರೆ. ಹೆಸರು ಗ್ರೀಕ್ ಪುರಾಣದ್ದು, ಅರ್ಥ ಆತ್ಮ. ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ಐದು ವರ್ಷ ಬೇಕು. ತನ್ನ ಸುತ್ತ ತಾನು ತಿರುಗಲು ಮಾತ್ರ ನಾಲ್ಕು ಗಂಟೆ ಹನ್ನೆರಡು ನಿಮಿಷ ಸಾಕು.

ಈಗ ಆ ದುಡ್ಡಿನ ಅಂಕಿ ಎಲ್ಲಿಂದ ಬಂತು ನೋಡೋಣ. ಹೇಳುವುದು ಹತ್ತು ಸಾವಿರ ಕ್ವಾಡ್ರಿಲಿಯನ್ ಡಾಲರ್ ಅಂತ. ಅಂದರೆ 1ರ ಮುಂದೆ 19 ಸೊನ್ನೆ. ಇಡೀ ಜಗತ್ತಿನ ಒಂದು ವರ್ಷದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಒಂದು ಲಕ್ಷ ಪಟ್ಟು. ಇದನ್ನು ಯಾರೋ ಕಿಡಿಗೇಡಿ ಹುಟ್ಟಿಸಿದ್ದಲ್ಲ. ಸೈಕಿ ಯೋಜನೆಯ ಮುಖ್ಯಸ್ಥೆ, ಆಗ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಲಿಂಡಿ ಎಲ್ಕಿನ್ಸ್-ಟ್ಯಾಂಟನ್ ಅವರೇ 2017ರಲ್ಲಿ ಒಂದು ಸಂದರ್ಶನದಲ್ಲಿ ತಮಾಷೆಯ ಲೆಕ್ಕ ಅನ್ನುವ ಹಾಗೆ ಹೇಳಿದ್ದು. ಅದನ್ನು ತರುವುದು ಸಾಧ್ಯವೂ ಇಲ್ಲ, ತಂದರೆ ಮಾರುಕಟ್ಟೆಯೇ ಕುಸಿಯುತ್ತದೆ ಅನ್ನುವ ಅರ್ಥದ ಮಾತನ್ನೂ ಅವರು ಸೇರಿಸಿದ್ದರು. ಅಂಕಿ ಊರೆಲ್ಲ ಸುತ್ತಿತು, ಷರತ್ತುಗಳು ಮನೆಯಲ್ಲೇ ಉಳಿದವು.

ಇನ್ನೊಂದು ತಮಾಷೆ ಇದೆ. ಆ ಅಂಕಿಗೂ ಚಿನ್ನಕ್ಕೂ ಸಂಬಂಧವೇ ಇಲ್ಲ. ಸೈಕಿಯ ತೂಕ ಸುಮಾರು 23ರ ಮುಂದೆ 15 ಸೊನ್ನೆ ಬರೆದಷ್ಟು ಟನ್. ಅಷ್ಟೂ ಕಬ್ಬಿಣ ಅಂದುಕೊಂಡು ಟನ್ನಿಗೆ ನಾನ್ನೂರು ಚಿಲ್ಲರೆ ಡಾಲರ್ ಬೆಲೆ ಕಟ್ಟಿ ಗುಣಿಸಿ ನೋಡಿ, ಅದೇ 19 ಸೊನ್ನೆ ಬಂದುಬಿಡುತ್ತದೆ. ಅಂದರೆ ಅದು ಗುಜರಿ ಅಂಗಡಿಯ ಲೆಕ್ಕ. ಕಬ್ಬಿಣದ ಬೆಲೆಯನ್ನು ಇಡೀ ಬಂಡೆಯ ತೂಕಕ್ಕೆ ಗುಣಿಸಿದ್ದಾಯಿತು, ಮುಂದೆ ಯಾರೋ ಕಬ್ಬಿಣ ಅನ್ನುವ ಪದ ತೆಗೆದು ಚಿನ್ನ ಅಂತ ಹಾಕಿದರು, ಸುಮ್ನೆ ಚೆನ್ನಾಗಿ ಓಡಲಿ ಅಂತ.

ಹಾಗಾದರೆ ಸೈಕಿಯಲ್ಲಿ ಚಿನ್ನ ಇಲ್ಲವೇ ಇಲ್ಲವಾ? ಇರಬಹುದು. ಭೂಮಿಗೆ ಬಿದ್ದ ಕಬ್ಬಿಣದ ಉಲ್ಕಾಶಿಲೆಗಳಲ್ಲಿ ಟನ್ನಿಗೆ ಒಂದೆರಡು ಗ್ರಾಂ ಚಿನ್ನ ಸಿಗುವುದು ಇದೆ, ಪ್ಲಾಟಿನಂ ಜಾತಿಯ ಲೋಹಗಳು ಅದಕ್ಕಿಂತ ಜಾಸ್ತಿಯೇ ಇರುತ್ತವೆ. ಆದರೆ ಭೂಮಿಯ ಮೇಲಿನ ಚಿನ್ನದ ಗಣಿಗಳಲ್ಲೂ ಅದಿರಿನ ಟನ್ನಿಗೆ ಇಷ್ಟೋ, ಇದಕ್ಕಿಂತ ಸ್ವಲ್ಪ ಜಾಸ್ತಿಯೋ ಸಿಗುತ್ತದೆ. ಅದೂ ಬೆಸೆದುಕೊಂಡ ಕಬ್ಬಿಣ-ನಿಕಲ್ ಮುದ್ದೆಯಿಂದ ಬಿಡಿಸುವುದಕ್ಕಿಂತ ಇಲ್ಲಿಯ ಕಲ್ಲನ್ನು ಪುಡಿ ಮಾಡಿ ತೆಗೆಯುವುದು ಎಷ್ಟೋ ಸುಲಭ.

ತರುವ ಖರ್ಚಿನ ಲೆಕ್ಕಕ್ಕೆ ನಮ್ಮ ಹತ್ತಿರ ನಿಜವಾದ ಉದಾಹರಣೆಯೇ ಇದೆ. ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹಕ್ಕೆ ಹೋಗಿ ಮಣ್ಣು ತೆಗೆದುಕೊಂಡು 2023ರ ಸೆಪ್ಟೆಂಬರ್ 24ರಂದು ಭೂಮಿಗೆ ಇಳಿಸಿತು. ಏಳು ವರ್ಷದ ಪ್ರಯಾಣ, ನೂರು ಕೋಟಿ ಡಾಲರಿಗಿಂತ ಜಾಸ್ತಿ ಖರ್ಚು, ತಂದದ್ದು 121.6 ಗ್ರಾಂ. ಒಂದು ಗ್ರಾಂಗೆ ಹತ್ತಿರ ಹತ್ತಿರ ಒಂದು ಕೋಟಿ ಡಾಲರ್ ಬಿತ್ತು. ಜಪಾನಿನ ಹಯಾಬುಸಾ-2 ನೌಕೆ 2020ರಲ್ಲಿ ರ್‍ಯುಗು ಕ್ಷುದ್ರಗ್ರಹದಿಂದ ತಂದದ್ದು ಐದೂವರೆ ಗ್ರಾಂ ಕೂಡ ಇಲ್ಲ. ಬೆನ್ನು, ರ್‍ಯುಗು ಎರಡೂ ಭೂಮಿಯ ನೆರೆಹೊರೆಯವು. ಸೈಕಿ ಇರುವುದು ಮಂಗಳನಿಗಿಂತ ಆಚೆ. ಇನ್ನು ಸೈಕಿ ನೌಕೆಯಂತೂ ಅಲ್ಲಿ ಇಳಿಯುವುದೂ ಇಲ್ಲ, ಒಂದು ಚಿಟಿಕೆ ಮಣ್ಣು ತರುವುದೂ ಇಲ್ಲ. ಸುತ್ತು ಹಾಕಿ ನೋಡುವುದಷ್ಟೇ ಅದರ ಕೆಲಸ.

ಯಾವುದೋ ಜಾದೂ ನಡೆದು ಆ ಕಬ್ಬಿಣ ಭೂಮಿಗೆ ಬಂತು ಅಂತಲೇ ಇಟ್ಟುಕೊಳ್ಳೋಣ. ಜಗತ್ತು ವರ್ಷಕ್ಕೆ ಸುಮಾರು ಇನ್ನೂರು ಕೋಟಿ ಟನ್ ಉಕ್ಕು ತಯಾರಿಸುತ್ತದೆ. ಸೈಕಿಯ ಅರ್ಧ ಮಾತ್ರ ಲೋಹ ಅಂದರೂ ಐವತ್ತು ಲಕ್ಷ ವರ್ಷಕ್ಕೆ ಸಾಕಾಗುತ್ತದೆ. ಹಾಗೆ ಬಂದು ಬಿದ್ದ ಸರಕಿಗೆ ಬೆಲೆ ಎಲ್ಲಿಂದ ಬರಬೇಕು? ಮರಳುಗಾಡಿನಲ್ಲಿ ಮರಳು ಮಾರಿದ ಹಾಗೆ.

ದುಡ್ಡಿನ ಮಾತು ಇಲ್ಲಿಗೆ ಬಿಡುತ್ತೇನೆ, ಕೊನೆಯಲ್ಲಿ ಬೇಕಾದಷ್ಟು ಮತ್ತೆ ಬರೋಣ. ನಿಜವಾದ ಗಂಟು ಇರುವುದು ಸಾಂದ್ರತೆಯಲ್ಲಿ.

ವಿಜ್ಞಾನಿಗಳಿಗೆ ಸೈಕಿ ಯಾಕೆ ಬೇಕು ಅನ್ನುವುದರಿಂದ ಶುರು ಮಾಡಬೇಕು. ಸೌರವ್ಯೂಹ ಹುಟ್ಟಿದ್ದು ಸುಮಾರು 456 ಕೋಟಿ ವರ್ಷದ ಹಿಂದೆ. ಆಗ ಧೂಳು ಸೇರಿ ಉಂಡೆ, ಉಂಡೆ ಸೇರಿ ದೊಡ್ಡ ಉಂಡೆ ಆಗುತ್ತಿದ್ದ ಕಾಲ. ಆ ಉಂಡೆಗಳೊಳಗೆ ವಿಕಿರಣ ಸೂಸುವ ಒಂದು ಜಾತಿಯ ಅಲ್ಯೂಮಿನಿಯಂ ಇತ್ತು. ಅದರ ಬಿಸಿಗೆ ಹಲವು ಉಂಡೆಗಳು ಒಳಗಿಂದೊಳಗೇ ಕರಗಿದವು. ಕರಗಿದಾಗ ಭಾರದ ಕಬ್ಬಿಣ, ನಿಕಲ್ ಕೆಳಗಿಳಿದು ತಿರುಳಾಯಿತು, ಹಗುರದ ಕಲ್ಲು ಮೇಲೆ ತೇಲಿ ಹೊದಿಕೆಯಾಯಿತು. ಭೂಮಿಯೂ ಹೀಗೇ ಆಗಿದ್ದು. ನಮ್ಮ ಕಾಲ ಕೆಳಗಿನ ಲೋಹದ ತಿರುಳು ಶುರುವಾಗುವುದು ಸುಮಾರು 2,900 ಕಿಲೋಮೀಟರ್ ಆಳದಲ್ಲಿ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12 ಕಿಲೋಮೀಟರ್ ಚಿಲ್ಲರೆ. ಅಂದರೆ ತಿರುಳನ್ನು ಕಣ್ಣಾರೆ ಕಾಣುವ ಆಸೆ ಬಿಡಬೇಕು.

ಆದರೆ ಎಲ್ಲೋ ಒಂದು ಪುಟ್ಟ ಗ್ರಹಕ್ಕೆ ಮೇಲಿಂದ ಮೇಲೆ ಡಿಕ್ಕಿ ಹೊಡೆದು ಹೊದಿಕೆಯೆಲ್ಲ ಕಿತ್ತುಹೋಗಿ ತಿರುಳು ಮಾತ್ರ ಉಳಿದಿದ್ದರೆ? ತೆಂಗಿನಕಾಯಿಯ ಸಿಪ್ಪೆ, ಚಿಪ್ಪು ಎಲ್ಲ ಹೋಗಿ ಕೊಬ್ಬರಿ ಮಾತ್ರ ಕೈಗೆ ಸಿಕ್ಕ ಹಾಗೆ. ಸೈಕಿ ಅಂಥದ್ದೇ ಬೆತ್ತಲೆ ತಿರುಳು ಎಂಬುದು ದಶಕಗಳ ಕಾಲ ಇದ್ದ ಊಹೆ. ಈ ಊಹೆಗೆ ಆಧಾರವೂ ಗಟ್ಟಿಯಾಗಿತ್ತು. ಸೈಕಿಯಿಂದ ಬರುವ ಬೆಳಕು ಕಬ್ಬಿಣದ ಉಲ್ಕಾಶಿಲೆಯ ಬೆಳಕನ್ನು ಹೋಲುತ್ತಿತ್ತು. ಪೋರ್ಟೊರಿಕೊದಲ್ಲಿದ್ದ ಅರೆಸಿಬೋ ಎಂಬ ದೈತ್ಯ ರೇಡಿಯೋ ದೂರದರ್ಶಕದಿಂದ ರೇಡಾರ್ ಅಲೆ ಕಳಿಸಿ ನೋಡಿದಾಗ ಪ್ರತಿಧ್ವನಿ ಮಾಮೂಲಿ ಕಲ್ಲಿನ ಕ್ಷುದ್ರಗ್ರಹಗಳಿಗಿಂತ ತುಂಬಾ ಜೋರಾಗಿ ಬಂತು. ಲೋಹ ರೇಡಾರ್ ಅಲೆಯನ್ನು ಚೆನ್ನಾಗಿ ವಾಪಸ್ ಎಸೆಯುತ್ತದೆ, ಹಾಗಾಗಿ ಮೇಲ್ಮೈಯಲ್ಲಿ ಲೋಹ ಇದೆ ಅನ್ನುವುದರಲ್ಲಿ ಅನುಮಾನ ಕಡಿಮೆ. (ಆ ಅರೆಸಿಬೋ ಈಗ ಇಲ್ಲ. 2020ರ ಡಿಸೆಂಬರ್ 1ರಂದು ಅದರ ಮೇಲಿನ ವೇದಿಕೆ ಕಳಚಿ ತಟ್ಟೆಯ ಮೇಲೆ ಬಿತ್ತು. ಸೈಕಿಯ ಮಟ್ಟಿಗೆ ಅದು ದೊಡ್ಡ ನಷ್ಟವೇ.)

ಇಷ್ಟಾದ ಮೇಲೆ ತೂಕ ಹಾಕಬೇಕಲ್ಲ. ಬಂಡೆಯನ್ನು ತಕ್ಕಡಿಗೆ ಇಡೋಕಾಗಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕ್ಷುದ್ರಗ್ರಹ ಹಾದುಹೋದಾಗ ಅದರ ದಾರಿ ಕೂದಲೆಳೆಯಷ್ಟು ಬಾಗುತ್ತದೆ. ವರ್ಷಗಟ್ಟಲೆ ಆ ಬಾಗುವಿಕೆಯನ್ನು ಅಳೆದು, ಎಳೆದವನ ತೂಕ ಎಷ್ಟಿರಬೇಕು ಅಂತ ಹಿಂದಕ್ಕೆ ಲೆಕ್ಕ ಮಾಡುತ್ತಾರೆ. ಇನ್ನೊಂದು ಕಡೆ ಗಾತ್ರ ಬೇಕು. ಅದಕ್ಕೆ ರೇಡಾರ್, ದೊಡ್ಡ ದೂರದರ್ಶಕಗಳ ಚಿತ್ರ, ಸೈಕಿ ಯಾವುದಾದರೂ ನಕ್ಷತ್ರವನ್ನು ಮರೆಮಾಡಿದಾಗ ಬೀಳುವ ನೆರಳು, ಎಲ್ಲ ಬಳಸುತ್ತಾರೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಇಲ್ಲೊಂದು ಕಾಟ ಇದೆ. ಅಡ್ಡಳತೆಯಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಗಾತ್ರದಲ್ಲಿ ನೂರಕ್ಕೆ ಮೂವತ್ತು ತಪ್ಪುತ್ತದೆ, ಯಾಕಂದರೆ ಅಳತೆಯನ್ನು ಮೂರು ಸಲ ಗುಣಿಸಬೇಕು. ಅದಕ್ಕೇ ಹಳೆಯ ಪ್ರಬಂಧಗಳಲ್ಲಿ ಸೈಕಿಯ ಸಾಂದ್ರತೆ ಒಬ್ಬರದ್ದು ಎರಡರ ಹತ್ತಿರ, ಇನ್ನೊಬ್ಬರದ್ದು ಏಳರ ಹತ್ತಿರ. ಸೊಪ್ಪಿನ ವ್ಯಾಪಾರದಲ್ಲೂ ಇಷ್ಟು ವ್ಯತ್ಯಾಸ ಇರಲ್ಲ!

ಈಗ ಅಳತೆ ಸುಧಾರಿಸಿದೆ. ಹೆಚ್ಚಿನವರು ಒಪ್ಪುವ ಅಂಕಿ ಘನ ಸೆಂಟಿಮೀಟರಿಗೆ 3.4ರಿಂದ 4.1 ಗ್ರಾಂ. ಹೋಲಿಕೆಗೆ ನೀರು 1, ಸಾಮಾನ್ಯ ಕಲ್ಲು 3ರ ಆಚೀಚೆ, ಗಟ್ಟಿ ಕಬ್ಬಿಣ 7.9. ನೋಡಿದಿರಾ? ಸೈಕಿ ಕಬ್ಬಿಣದ ಅರ್ಧ ಮಾತ್ರ. ಕಲ್ಲಿಗೆ ಸ್ವಲ್ಪ ಮೇಲೆ, ಕಬ್ಬಿಣಕ್ಕೆ ತುಂಬಾ ಕೆಳಗೆ.

ಬೆತ್ತಲೆ ತಿರುಳಿನ ಊಹೆಗೆ ಇದು ಸಣ್ಣ ಪೆಟ್ಟಲ್ಲ. ಸೈಕಿ ಪೂರಾ ಕಬ್ಬಿಣ ಅನ್ನುವುದಾದರೆ ಅದರೊಳಗೆ ಅರ್ಧ ಜಾಗ ಖಾಲಿ ಇರಬೇಕು. ಅಂದರೆ ಒಡೆದು ಚೂರಾದ ಲೋಹದ ತುಂಡುಗಳು ಮತ್ತೆ ಒಂದರ ಮೇಲೊಂದು ಸಡಿಲವಾಗಿ ಗುಡ್ಡೆಯಾಗಿರಬೇಕು. ಸಣ್ಣ ಕ್ಷುದ್ರಗ್ರಹಗಳಲ್ಲಿ ಹೀಗೆ ಆಗುವುದು ಮಾಮೂಲು, ಬೆನ್ನು ಅಂಥದ್ದೇ ಒಂದು ಕಲ್ಲುರಾಶಿ. ಆದರೆ 220 ಕಿಲೋಮೀಟರಿನ ಗುಡ್ಡೆ ತನ್ನ ಭಾರಕ್ಕೆ ತಾನೇ ಕುಸಿದು ಒತ್ತಾಗುವುದಿಲ್ಲವೇ, ಅಷ್ಟು ಸಂದು ಉಳಿಯುತ್ತದೆಯೇ ಅನ್ನುವ ಪ್ರಶ್ನೆ ಬರುತ್ತದೆ. ಉಳಿಯಬಹುದು ಅನ್ನುವವರೂ ಇದ್ದಾರೆ, ಲೋಹ ಕಲ್ಲಿನ ಹಾಗೆ ಪುಡಿಯಾಗಿ ಕೂರುವುದಿಲ್ಲ ಅನ್ನುವುದು ಅವರ ವಾದ. ನನಗೆ ಅರ್ಧಕ್ಕರ್ಧ ಖಾಲಿ ಅನ್ನುವುದು ಊಹೆಯನ್ನು ಉಳಿಸಿಕೊಳ್ಳಲು ಮಾಡಿದ ಕಸರತ್ತಿನಂತೆ ಕಾಣುತ್ತದೆ.

ಇನ್ನೊಂದು ತೊಡಕು ಹಳೆಯದು. ಒಂದು ಪುಟ್ಟ ಗ್ರಹದ ಹೊದಿಕೆ ಇಡಿಯಾಗಿ ಕಿತ್ತುಹೋಗಿದ್ದರೆ ಆ ಕಲ್ಲಿನ ಚೂರುಗಳು ಎಲ್ಲಿ? ವೆಸ್ಟಾಗೆ ಪೆಟ್ಟು ಬಿದ್ದಾಗ ಹಾರಿದ ಚೂರುಗಳು ಅದರ ಸುತ್ತಮುತ್ತಲ ಕಕ್ಷೆಗಳಲ್ಲಿ ಕುಟುಂಬದ ಹಾಗೆ ಸಿಗುತ್ತವೆ, ಕೆಲವು ಉಲ್ಕಾಶಿಲೆಯಾಗಿ ಭೂಮಿಗೂ ಬಿದ್ದಿವೆ. ಸೈಕಿಗೆ ಅಂಥ ಕುಟುಂಬವೇ ಇಲ್ಲ. ಡಿಕ್ಕಿ ನಡೆದದ್ದು ತುಂಬಾ ಹಿಂದೆ, ಬೇರೆಲ್ಲೋ, ಚೂರುಗಳೆಲ್ಲ ಆಮೇಲೆ ಚದುರಿಹೋದವು ಅಂತ ಸಮಜಾಯಿಷಿ ಕೊಡಬಹುದು. ಕೊಟ್ಟಿದ್ದಾರೆ ಕೂಡ.

ಅಷ್ಟರಲ್ಲಿ ಬೇರೆ ಸುಳಿವುಗಳೂ ಸೇರಿದವು. ಬೆಳಕನ್ನು ಸೂಕ್ಷ್ಮವಾಗಿ ಬಿಡಿಸಿ ನೋಡಿದಾಗ ಪೈರಾಕ್ಸೀನ್ ಎಂಬ ಕಲ್ಲಿನ ಖನಿಜದ ಮಂದ ಗುರುತು ಕಂಡಿತು. ಶುದ್ಧ ಲೋಹದ ಮೇಲೆ ಅದಕ್ಕೇನು ಕೆಲಸ? ಅದಾದ ಮೇಲೆ ನೀರಿನ ಅಂಶದ ಗುರುತು, ಅಂದರೆ ಖನಿಜಕ್ಕೆ ಅಂಟಿಕೊಂಡ ಹೈಡ್ರಾಕ್ಸಿಲ್, ಭೂಮಿಯ ದೂರದರ್ಶಕಕ್ಕೆ ಸಿಕ್ಕಿತು. 2024ರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕದ ಅವಲೋಕನವೂ ಅದನ್ನು ಖಚಿತ ಮಾಡಿತು. ಕರಗಿ ಕುದಿದ ಲೋಹದ ತಿರುಳಿನಲ್ಲಿ ನೀರಿನ ಅಂಶ ಉಳಿಯುವಂತಿಲ್ಲ. ಹಾಗಾಗಿ ನೀರಿನ ಅಂಶ ಇರುವ ಬೇರೆ ಕ್ಷುದ್ರಗ್ರಹಗಳು ಬಂದು ಬಡಿದಾಗ ಅಂಟಿಕೊಂಡಿದ್ದು ಅನ್ನುವ ವಿವರಣೆ ಹೆಚ್ಚು ಒಪ್ಪಿಗೆಯಾಗುತ್ತದೆ. ವೆಸ್ಟಾದ ಮೇಲೂ ಅಂಥ ಹೊರಗಿನ ಕಪ್ಪು ಮಣ್ಣು ಕಂಡಿತ್ತು. ಆದರೆ ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ: ಸೈಕಿ ಯಾವತ್ತೂ ಪೂರಾ ಕರಗಿಯೇ ಇಲ್ಲದಿರಬಹುದು.

ಈ ಸೈಕಿ ಒಂಟಿ ಕೇಸ್ ಕೂಡ ಅಲ್ಲ. ಖಗೋಳಜ್ಞರು ಇದನ್ನು ಎಂ ವರ್ಗದ ಕ್ಷುದ್ರಗ್ರಹ ಅನ್ನುತ್ತಾರೆ, ಎಂ ಅಂದರೆ ಮೆಟಲ್ ಅಂತಲೇ ಬಹಳ ಜನ ಓದಿಕೊಂಡರು. ಇದೇ ವರ್ಗದ ಲುಟೇಷಿಯಾ ಪಕ್ಕದಲ್ಲಿ ಯುರೋಪಿನ ರೊಸೆಟ್ಟಾ ನೌಕೆ 2010ರ ಜುಲೈ 10ರಂದು ಹಾದುಹೋಯಿತು. ಫೋಟೋದಲ್ಲಿ ಕಂಡದ್ದು ಧೂಳು ಮುಚ್ಚಿದ, ಗುಳಿಬಿದ್ದ ಮಾಮೂಲಿ ಮುಖ, ಸಾಂದ್ರತೆ 3.4. ಮೂಳೆಯ ಆಕಾರದ ಕ್ಲಿಯೋಪಾತ್ರಾ ಕೂಡ ಇದೇ ವರ್ಗದ್ದು. ಅದರ ಸಾಂದ್ರತೆಯನ್ನು 2021ರಲ್ಲಿ ಹೊಸದಾಗಿ ಲೆಕ್ಕ ಹಾಕಿದಾಗ ಅದೂ 3.4ರ ಹತ್ತಿರಕ್ಕೇ ಇಳಿಯಿತು. ಒಂದೇ ಮನೆತನದ ಮೂವರೂ ತೂಕದ ಯಂತ್ರದ ಮೇಲೆ ನಿಂತಾಗ ಹಗುರ ಬಂದರೆ ಯಂತ್ರವನ್ನು ದೂರುವ ಮೊದಲು ಮನೆತನದ ಹೆಸರನ್ನೇ ಅನುಮಾನಿಸಬೇಕಾಗುತ್ತದೆ.

ಹಾಗಾದರೆ ಸೈಕಿ ಏನು? ಸದ್ಯಕ್ಕೆ ಮೂರು ನಾಲ್ಕು ಕಥೆಗಳು ಓಡುತ್ತಿವೆ. ಒಡೆದು ಗುಡ್ಡೆಯಾದ ತಿರುಳು ಎಂಬುದು ಆಗಲೇ ಹೇಳಿದ ಮೊದಲನೆಯದು. ಎರಡನೆಯದರ ಪ್ರಕಾರ ಕಲ್ಲೂ ಲೋಹವೂ ಸೇರಿದ ಕಲಸುಮೇಲೋಗರ, ಅಂದರೆ ಡಿಕ್ಕಿಗಳಲ್ಲಿ ಬೇರೆ ಬೇರೆ ವಸ್ತುಗಳು ಬೆರೆತು ಆದದ್ದು. ಇಂಥ ಮಿಶ್ರಣದ ಉಲ್ಕಾಶಿಲೆಗಳು ನಮ್ಮ ಸಂಗ್ರಹಗಳಲ್ಲಿ ಈಗಾಗಲೇ ಇವೆ, ಹಾಗಾಗಿ ಇದು ಹೊಸ ಜಾತಿಯನ್ನೇ ಕಲ್ಪಿಸಬೇಕಾದ ಕಥೆಯಲ್ಲ. ಮೂರನೆಯದು, ಸೂರ್ಯನ ಹತ್ತಿರ ಆಮ್ಲಜನಕ ಕಡಿಮೆ ಇದ್ದ ಜಾಗದಲ್ಲಿ, ಮೊದಲಿನಿಂದಲೂ ಲೋಹ ಜಾಸ್ತಿ ಇರುವ ಮಣ್ಣಿನಿಂದಲೇ ಹುಟ್ಟಿ, ಆಮೇಲೆ ಈಗಿನ ಜಾಗಕ್ಕೆ ತಳ್ಳಿಸಿಕೊಂಡು ಬಂದದ್ದು. ಬುಧ ಗ್ರಹವೂ ಗಾತ್ರಕ್ಕೆ ಮೀರಿದ ಕಬ್ಬಿಣ ಹೊತ್ತಿದೆ ಅನ್ನುವುದನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2019ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಮುಂದಿಟ್ಟ ಯೋಚನೆ ಅದು. ಪುಟ್ಟ ಗ್ರಹದ ತಿರುಳು ತಣ್ಣಗಾಗಿ ಗಟ್ಟಿಯಾಗುವಾಗ ಉಳಿದ ದ್ರವ ಕಬ್ಬಿಣಕ್ಕೆ ಗಂಧಕ ಜಾಸ್ತಿ ಸೇರಿಕೊಳ್ಳುತ್ತದೆ. ಗಂಧಕ ಸೇರಿದ ಕಬ್ಬಿಣ ಹಗುರವೂ ಹೌದು, ಬೇಗ ಗಟ್ಟಿಯಾಗುವುದೂ ಇಲ್ಲ. ಮೇಲಿನ ಕಲ್ಲಿನ ಹೊದಿಕೆ ತೆಳ್ಳಗಿದ್ದರೆ ಒಳಗಿನ ಒತ್ತಡಕ್ಕೆ ಈ ದ್ರವ ಬಿರುಕು ಹಿಡಿದು ಮೇಲೆ ಉಕ್ಕಬಹುದು. ಅಂದರೆ ಕಬ್ಬಿಣದ ಜ್ವಾಲಾಮುಖಿ! ಹೀಗಾಗಿದ್ದರೆ ಒಳಗೆ ಕಲ್ಲೇ ಜಾಸ್ತಿ ಇದ್ದರೂ ಮೇಲೆ ಅಲ್ಲಲ್ಲಿ ಲೋಹ ಬಳಿದ ಹಾಗೆ ಇರುತ್ತದೆ. ರೇಡಾರಿಗೆ ಲೋಹ ಕಾಣುತ್ತದೆ, ತಕ್ಕಡಿಗೆ ಕಲ್ಲು ಕಾಣುತ್ತದೆ. ಎರಡೂ ಸಾಕ್ಷಿಗಳು ಸುಳ್ಳು ಹೇಳಬೇಕಾಗಿಲ್ಲ. ರೇಡಾರ್ ಪ್ರತಿಧ್ವನಿ ಸೈಕಿಯ ಎಲ್ಲ ಕಡೆಯಿಂದಲೂ ಒಂದೇ ಸಮ ಬರದೆ ಕೆಲವು ಕಡೆ ಜಾಸ್ತಿ ಇರುವುದಕ್ಕೂ ಇದು ಹೊಂದುತ್ತದೆ. ಇಷ್ಟವಾಯಿತು ಅಂದ ಮಾತ್ರಕ್ಕೆ ನಿಜ ಅಂತಲ್ಲ, ಅದು ಗೊತ್ತಿದೆ.

ನಾಸಾ ಈಗ ತನ್ನ ಪುಟದಲ್ಲಿ ಸೈಕಿಯ ಗಾತ್ರದಲ್ಲಿ ನೂರಕ್ಕೆ 30ರಿಂದ 60 ಪಾಲು ಲೋಹ ಇರಬಹುದು ಎಂದು ಹೇಳುತ್ತದೆ. ಮೊದಲಿದ್ದ ಬೆತ್ತಲೆ ತಿರುಳು ಅನ್ನುವ ಧೈರ್ಯದ ಮಾತಿಗೆ ಹೋಲಿಸಿದರೆ ಇದು ಎಷ್ಟೋ ಮೆತ್ತಗಾದ ಮಾತು. 30 ಅನ್ನುವುದಕ್ಕೂ 60 ಅನ್ನುವುದಕ್ಕೂ ನಡುವೆ ಎಷ್ಟು ಅಂತರ ಇದೆ ಅನ್ನುವುದನ್ನೂ ಗಮನಿಸಿ. ಒಂದು ತುದಿಯಲ್ಲಿ ಅದು ಲೋಹ ಬೆರೆತ ಕಲ್ಲು, ಇನ್ನೊಂದು ತುದಿಯಲ್ಲಿ ಕಲ್ಲು ಬೆರೆತ ಲೋಹ.

ಹಾಗಾದರೆ ತಪ್ಪು ಊಹೆಯ ಮೇಲೆ ದುಡ್ಡು ಸುರಿದರು ಅಂತ ಕೆಲವರು ಗೊಣಗುವುದು ಸರಿಯಾ? ನಾನು ಒಪ್ಪಲ್ಲ. ವೆಸ್ಟಾ, ಸಿರೀಸ್ ಎರಡಕ್ಕೂ ನಾಸಾದ ಡಾನ್ ನೌಕೆ ಹೋಗಿ ನೋಡಿತು, ಕಲ್ಲಿನದ್ದು, ಮಂಜಿನದ್ದು, ಇಂಗಾಲದ್ದು ಎಲ್ಲವನ್ನೂ ಹತ್ತಿರದಿಂದ ನೋಡಿ ಆಯಿತು. ಮೇಲ್ಮೈಯಲ್ಲಿ ಇಷ್ಟು ಲೋಹ ಇರುವ ಕಾಯವನ್ನು ಮಾತ್ರ ಯಾರೂ ಹತ್ತಿರದಿಂದ ನೋಡಿಲ್ಲ. ಸೈಕಿ ತಿರುಳಾಗಿದ್ದರೆ ಗ್ರಹದ ಹೊಟ್ಟೆ ನೋಡಿದ ಹಾಗಾಯಿತು. ಆಗಿಲ್ಲದಿದ್ದರೆ ನಮ್ಮ ಪಾಠಪುಸ್ತಕದಲ್ಲೇ ಇಲ್ಲದ ಏನೋ ಒಂದು ಅಲ್ಲಿದೆ ಅಂತಾಯಿತು, ಅದು ಇನ್ನೂ ಒಳ್ಳೆಯ ಸುದ್ದಿ ಅಲ್ವಾ?

ಗೊಣಗಲೇಬೇಕು ಅಂದರೆ ಬೇರೆ ವಿಷಯ ಇದೆ. ಈ ಯೋಜನೆ ಆಯ್ಕೆಯಾದದ್ದು 2017ರ ಜನವರಿಯಲ್ಲಿ. 2022ರಲ್ಲಿ ಹಾರಿ 2026ರಲ್ಲಿ ಮುಟ್ಟಬೇಕಿತ್ತು. ಆದರೆ ನೌಕೆಯ ಸಾಫ್ಟ್‌ವೇರ್ ಪರೀಕ್ಷೆ ಸಮಯಕ್ಕೆ ಮುಗಿಯಲಿಲ್ಲ. ಗ್ರಹಗಳ ಸ್ಥಾನ ಕಾಯುವುದಿಲ್ಲವಲ್ಲ, ಆ ಅವಕಾಶ ತಪ್ಪಿತು. ಹಾರುವುದು ಒಂದು ವರ್ಷ ತಡವಾದರೆ ಮುಟ್ಟುವುದು ಮೂರು ವರ್ಷಕ್ಕಿಂತ ಜಾಸ್ತಿ ತಡ, 2029ಕ್ಕೆ ಹೋಯಿತು. ಏನಾಯಿತು ಅಂತ ನೋಡಲು ಕೂತ ಸ್ವತಂತ್ರ ಸಮಿತಿ, ಯೋಜನೆಯ ಹೊಣೆ ಹೊತ್ತ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸದ ಹೊರೆಗೆ ತಕ್ಕಷ್ಟು ಅನುಭವಿ ಜನರಿಲ್ಲ ಎಂದು ಬರೆಯಿತು. ಅದರ ಬಿಸಿ ತಟ್ಟಿದ್ದು ಪಾಪ ಶುಕ್ರಗ್ರಹಕ್ಕೆ ಹೋಗಬೇಕಿದ್ದ ವೆರಿಟಾಸ್ ಯೋಜನೆಗೆ. ಅದನ್ನು ಮೂರು ವರ್ಷವಾದರೂ ಮುಂದಕ್ಕೆ ಹಾಕಿದರು.

ಕೊನೆಗೂ 2023ರ ಅಕ್ಟೋಬರ್ 13ರಂದು ಫಾಲ್ಕನ್ ಹೆವಿ ರಾಕೆಟ್ ಸೈಕಿ ನೌಕೆಯನ್ನು ಹೊತ್ತು ಹಾರಿತು. ದಾರಿ ಒಟ್ಟು ಸುಮಾರು 360 ಕೋಟಿ ಕಿಲೋಮೀಟರ್. ಇದನ್ನು ತಳ್ಳುವ ಎಂಜಿನ್ ನೋಡಿದರೆ ನಗು ಬರಬೇಕು. ಜೆನಾನ್ ಅನಿಲದ ಪರಮಾಣುಗಳಿಗೆ ವಿದ್ಯುತ್ ಆವೇಶ ಕೊಟ್ಟು ಹಿಂದಕ್ಕೆ ಎಸೆಯುವ ಹಾಲ್ ಥ್ರಸ್ಟರ್, ನೀಲಿ ಬೆಳಕು ಸೂಸುತ್ತದೆ. ಅದು ಕೊಡುವ ನೂಕು ಅಂಗೈ ಮೇಲೆ ಎರಡು ಮೂರು ನಾಣ್ಯ ಇಟ್ಟಾಗ ಆಗುವ ಭಾರದಷ್ಟೇ. ಆದರೆ ತಿಂಗಳುಗಟ್ಟಲೆ ನಿಲ್ಲದೆ ನೂಕುತ್ತಲೇ ಇರುತ್ತದೆ, ತಡೆಯಲು ಅಲ್ಲಿ ಗಾಳಿಯೂ ಇಲ್ಲ. ಚಂದ್ರನಿಂದಾಚೆಗೆ ಈ ಜಾತಿಯ ಎಂಜಿನ್ ಬಳಸಿದ್ದು ಇದೇ ಮೊದಲು. ವಿದ್ಯುತ್ತು ಸೌರ ಫಲಕದಿಂದ. ಭೂಮಿಯ ಹತ್ತಿರ 20 ಕಿಲೋವಾಟ್ ಕೊಡುವ ಫಲಕ ಸೈಕಿಯ ಹತ್ತಿರ ಹೋದಾಗ ಎರಡು ಕಿಲೋವಾಟ್ ಆಸುಪಾಸಿಗೆ ಇಳಿಯುತ್ತದೆ.

2025ರ ಏಪ್ರಿಲ್‌ನಲ್ಲಿ ಒಮ್ಮೆ ಎದೆ ಝಲ್ಲೆಂದಿತು. ಜೆನಾನ್ ಕೊಳವೆಯಲ್ಲಿ ಒತ್ತಡ ಇದ್ದಕ್ಕಿದ್ದಂತೆ ಇಳಿದು ಎಂಜಿನ್ ತಾನಾಗಿ ನಿಂತಿತು. ಒಂದು ಕವಾಟ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದು ಪತ್ತೆಯಾಯಿತು. ಪುಣ್ಯಕ್ಕೆ ಇನ್ನೊಂದು ಕೊಳವೆ ಇತ್ತು, ಅದಕ್ಕೆ ಬದಲಾಯಿಸಿ ಜೂನ್ ಹೊತ್ತಿಗೆ ಮತ್ತೆ ನೂಕಲು ಶುರು ಮಾಡಿದರು. ಈಗ ಬದಲಿಗೆ ಇನ್ನೊಂದಿಲ್ಲ. ಯೋಜನೆಯ ಪ್ರಕಾರ 2026ರ ಮೇ ತಿಂಗಳು ಮಂಗಳನ ಪಕ್ಕ ಹಾದು ಅದರ ಗುರುತ್ವದಿಂದ ವೇಗ ಪಡೆಯುವ ಹೊತ್ತು, ಸೈಕಿಯ ಬಳಿ ಕೆಲಸ ಶುರುವಾಗುವುದು 2029ರ ಆಗಸ್ಟ್‌ನಲ್ಲಿ. ಇದೇ ನೌಕೆಯ ಮೇಲೆ ಲೇಸರ್ ಸಂಪರ್ಕದ ಪ್ರಯೋಗವೂ ನಡೆದು, 2023ರ ಡಿಸೆಂಬರ್‌ನಲ್ಲಿ ಮೂರು ಕೋಟಿ ಕಿಲೋಮೀಟರ್ ದೂರದಿಂದ ಬೆಕ್ಕಿನ ವಿಡಿಯೋ ಬಂದದ್ದು ನಿಮಗೆ ನೆನಪಿರಬಹುದು. ಬೆಕ್ಕಿನ ಹೆಸರು ಟೇಟರ್ಸ್. ಸೈಕಿಗಿಂತ ಆ ಬೆಕ್ಕನ್ನೇ ಜಾಸ್ತಿ ಜನ ನೋಡಿದ್ದಾರೆ ಅನ್ನಿಸುತ್ತದೆ.

ಗಣಿಗಾರಿಕೆಯ ಮಾತಿಗೆ ಮತ್ತೆ ಬರುತ್ತೇನೆ ಅಂದಿದ್ದೆ. ಕ್ಷುದ್ರಗ್ರಹಗಳ ಗಣಿಗಾರಿಕೆ ಯಾವತ್ತೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ನಡೆದರೂ ಸೈಕಿಯಿಂದ ಶುರುವಾಗುವುದಿಲ್ಲ, ಭೂಮಿಯ ಹತ್ತಿರ ಸುಳಿಯುವ ಸಣ್ಣ ಬಂಡೆಗಳಿಂದ ಶುರುವಾಗುತ್ತದೆ. ಅಲ್ಲೂ ಮೊದಲು ಬೇಕಾಗುವುದು ನೀರು. ಅಂತರಿಕ್ಷದಲ್ಲೇ ನೀರನ್ನು ಒಡೆದರೆ ಇಂಧನ ಸಿಗುತ್ತದೆ, ಅಲ್ಲಿ ಒಂದು ಲೀಟರ್ ನೀರಿಗೆ ಇರುವ ಉಪಯೋಗ ಚಿನ್ನಕ್ಕಿಲ್ಲ. 2012ರಲ್ಲಿ ಭಾರೀ ಸದ್ದು ಮಾಡುತ್ತಾ ಬಂದ ಪ್ಲಾನೆಟರಿ ರಿಸೋರ್ಸಸ್ ಕಂಪನಿಯನ್ನು 2018ರಲ್ಲಿ ಒಂದು ಬ್ಲಾಕ್‌ಚೈನ್ ಕಂಪನಿ ಕೊಂಡುಕೊಂಡಿತು. ಆಸ್ಟ್ರೋಫೋರ್ಜ್ ಕಂಪನಿ 2025ರ ಫೆಬ್ರುವರಿಯಲ್ಲಿ ಓಡಿನ್ ಎಂಬ ಪುಟ್ಟ ನೌಕೆಯನ್ನು ಭೂಮಿಯ ಹತ್ತಿರದ ಒಂದು ಬಂಡೆಯ ಕಡೆಗೆ ಕಳಿಸಿತು, ಸ್ವಲ್ಪದರಲ್ಲೇ ಸಂಪರ್ಕ ಕಡಿದುಹೋಯಿತು. ಕಾನೂನು ಕೂಡ ಅರೆಬೆಂದಿದೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಯಾವ ಆಕಾಶಕಾಯವನ್ನೂ ತನ್ನದು ಅನ್ನುವಂತಿಲ್ಲ. ಆದರೆ ಅಲ್ಲಿಂದ ಅಗೆದು ತೆಗೆದ ವಸ್ತು ತೆಗೆದವನದೇ ಅಂತ ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ ಕಾನೂನು ಮಾಡಿಕೊಂಡವು. ಮೀನು ಹಿಡಿಯಬಹುದು, ಸಮುದ್ರ ನಿನ್ನದಲ್ಲ ಅನ್ನುವ ತರ್ಕ. ಉಳಿದ ದೇಶಗಳೆಲ್ಲ ಇದನ್ನು ಒಪ್ಪಿಲ್ಲ.

ಸರಿ, 2029ರಲ್ಲಿ ಏನನ್ನು ಗಮನಿಸಬೇಕು? ಮೊದಲು ಬರುವುದು ಫೋಟೋಗಳು. ನೌಕೆ ಸುಮಾರು 700 ಕಿಲೋಮೀಟರ್ ಎತ್ತರದ ಕಕ್ಷೆಯಿಂದ ಶುರು ಮಾಡಿ ಹಂತಹಂತವಾಗಿ ಬದಲಾಯಿಸುತ್ತಾ, ಒಂದು ಹಂತದಲ್ಲಿ 75 ಕಿಲೋಮೀಟರಿನವರೆಗೂ ಇಳಿಯುತ್ತದೆ. ಒಟ್ಟು 26 ತಿಂಗಳ ಕೆಲಸ. ಫೋಟೋದಲ್ಲಿ ಗುಳಿಗಳ ಅಂಚು ನೋಡಬೇಕು. ಲೋಹದ ಮೇಲೆ ಬಿದ್ದ ಪೆಟ್ಟು ಕಲ್ಲಿನ ಮೇಲೆ ಬಿದ್ದ ಪೆಟ್ಟಿನ ಹಾಗೆ ಕಾಣಬೇಕಾಗಿಲ್ಲ, ಚಿಮ್ಮಿದ ಲೋಹ ಹೆಪ್ಪುಗಟ್ಟಿ ಚೂಪು ಅಂಚು ಉಳಿದಿರಬಹುದು ಅನ್ನುವ ಊಹೆ ಇದೆ. ಆ ಫೋಟೋಗಳು ಬಂದ ದಿನ ಚಿನ್ನದ ಸಂದೇಶ ಮತ್ತೆ ಓಡಾಡುತ್ತದೆ, ಅನುಮಾನ ಬೇಡ. ಬಣ್ಣ ಮಾತ್ರ ಬಹುಶಃ ಬೂದಿಯೇ ಇರುತ್ತದೆ.

ಆಮೇಲೆ ಗುರುತ್ವದ ನಕ್ಷೆ. ನೌಕೆಯ ರೇಡಿಯೋ ಸಂಕೇತದಲ್ಲಿ ಆಗುವ ಸಣ್ಣ ಏರಿಳಿತ ನೋಡಿ ಒಳಗೆ ಭಾರ ಎಲ್ಲೆಲ್ಲಿ ಹೇಗೆ ಹಂಚಿದೆ ಅಂತ ತಿಳಿಯುತ್ತಾರೆ. ಸಾಂದ್ರತೆಯ ಜಗಳ ಅಲ್ಲಿಗೆ ಬಹುಪಾಲು ಮುಗಿಯುತ್ತದೆ. ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಳೆಯ ಕಾಂತತೆಯ ಗುರುತು ಹುಡುಕುತ್ತದೆ. ಸಿಕ್ಕಿದರೆ ಕರಗಿದ ತಿರುಳು ಒಂದು ಕಾಲದಲ್ಲಿ ಅಲ್ಲಿ ಕುದಿಯುತ್ತಿತ್ತು ಅನ್ನಲು ಒಳ್ಳೆಯ ಸಾಕ್ಷಿ. ಸಿಗದಿದ್ದರೆ ತಿರುಳೇ ಅಲ್ಲ ಅಂತ ಹೇಳೋಕಾಗಲ್ಲ, ಚೂರಾಗಿ ಮತ್ತೆ ಗುಡ್ಡೆಯಾದಾಗ ಕಾಂತತೆ ಅಡ್ಡಾದಿಡ್ಡಿಯಾಗಿ ಒಂದನ್ನೊಂದು ಅಳಿಸಿಹಾಕಿರಬಹುದು.

ತೀರ್ಪು ಕೊಡುವ ಉಪಕರಣ ಗಾಮಾ ಕಿರಣ ಮತ್ತು ನ್ಯೂಟ್ರಾನ್ ಎಣಿಸುವುದು. ದೂರದ ಅಂತರಿಕ್ಷದಿಂದ ಬರುವ ಕಾಸ್ಮಿಕ್ ಕಿರಣಗಳು ಸೈಕಿಯ ಮೇಲ್ಮೈಗೆ ಬಡಿದಾಗ ಅಲ್ಲಿನ ಒಂದೊಂದು ಮೂಲವಸ್ತುವೂ ತನ್ನದೇ ಗುರುತಿನ ಗಾಮಾ ಕಿರಣ ಹೊರಸೂಸುತ್ತದೆ. ಅದರಲ್ಲಿ ಕಬ್ಬಿಣ ಎಷ್ಟು, ಅದಕ್ಕೆ ನಿಕಲ್ ಎಷ್ಟು ಸೇರಿದೆ, ಸಿಲಿಕಾನ್ ಎಷ್ಟು, ಗಂಧಕ ಎಷ್ಟು ಅಂತ ಲೆಕ್ಕ ಸಿಗುತ್ತದೆ. ತಿರುಳಿನ ಲೋಹದಲ್ಲಿ ನಿಕಲ್ ಒಂದು ಪ್ರಮಾಣದಲ್ಲಿ ಇರಲೇಬೇಕು. ಗಂಧಕ ಅಲ್ಲಲ್ಲಿ ಜಾಸ್ತಿ ಕಂಡರೆ ಕಬ್ಬಿಣದ ಜ್ವಾಲಾಮುಖಿಯವರು ಕುಣಿಯಬಹುದು. ಆದರೆ ಈ ಎಣಿಕೆ ನಿಧಾನದ್ದು. ಕಿರಣಗಳು ಬರುವುದೇ ಅಪರೂಪಕ್ಕೆ ಒಂದೊಂದು, ಸಾಕಷ್ಟು ಸೇರಬೇಕಾದರೆ ಆ 75 ಕಿಲೋಮೀಟರಿನ ಕಕ್ಷೆಗೆ ಇಳಿದು ವಾರಗಟ್ಟಲೆ ಅಲ್ಲೇ ಸುತ್ತುತ್ತಾ ಎಣಿಸುತ್ತಿರಬೇಕು. ಹಾಗಾಗಿ ಫೋಟೋ ಬಂದ ವಾರವೇ ಯಾರಾದರೂ ಸೈಕಿ ಏನು ಅಂತ ಗೊತ್ತಾಯಿತು ಅಂದರೆ, ನಿಕಲ್ ಲೆಕ್ಕ ಇನ್ನೂ ಬಂದಿರುವುದಿಲ್ಲ.